ಹಸಿರು ಕಣಿವೆಯಿಂದ ಹೊರಟ ಹಡಗುಗಳು

ನೀವು ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಿದ್ದರೆ, ದಡದಲ್ಲಿ ನಿಲ್ಲಿಸಿರುವ ಒಂದು ಯುದ್ಧನೌಕೆಯನ್ನು ನೋಡಿರುತ್ತೀರಿ. ಅದರ ಹೆಸರು ಐಎನ್‌ಎಸ್ ಚಪಲ್. 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿ, 2005ರಲ್ಲಿ ನಿವೃತ್ತವಾದ ಈ ನೌಕೆ 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ರಜೆಯಲ್ಲಿ ಮಕ್ಕಳ ಕೈ ಹಿಡಿದು ಅದರೊಳಗೆ ಇಳಿದ ಯಾವ ತಾಯಿಗಾದರೂ ಮೊದಲು ತೋಚುವುದು ಒಂದೇ ಮಾತು: ಇಷ್ಟು ಚಿಕ್ಕ ಹಡಗು ಯುದ್ಧ ಮಾಡುತ್ತಿತ್ತೇ? ಹೌದು, ಮಾಡಲೆಂದೇ ಕಟ್ಟಿದ್ದು. ಅದರ ಬಲ ಗಾತ್ರದಲ್ಲಿ ಇರಲಿಲ್ಲ, ಅದು ಹೊತ್ತ ನಾಲ್ಕು ಕ್ಷಿಪಣಿಗಳಲ್ಲಿತ್ತು.

ಚಪಲ್ ಹುಟ್ಟಿದ್ದು ಸೋವಿಯತ್ ಒಕ್ಕೂಟದಲ್ಲಿ. ಅದೇ ದಶಕದಲ್ಲಿ ಅಲ್ಲಿಂದ ಇದಕ್ಕಿಂತ ದೊಡ್ಡದಾದ ಇನ್ನೂ ಮೂರು ಕ್ಷಿಪಣಿ ನೌಕೆಗಳು ಭಾರತಕ್ಕೆ ಬಂದವು. ಅವುಗಳಿಗೆ ಕೋಟೆಗಳ ಹೆಸರಿಟ್ಟರು: ವಿಜಯದುರ್ಗ, ಸಿಂಧುದುರ್ಗ, ಹೊಸದುರ್ಗ. ಇಂಥವನ್ನು ರಷ್ಯನ್ನರು 'ಸಣ್ಣ ಕ್ಷಿಪಣಿ ನೌಕೆ' ಎಂದು ಕರೆಯುತ್ತಾರೆ. ಈ ಬಗೆಯ ನೌಕೆಗಳ ಇಂದಿನ ತಲೆಮಾರು ಕಟ್ಟಲ್ಪಡುವ ಊರಿಗೆ ನಿಮ್ಮನ್ನು ಕರೆದೊಯ್ಯುವುದು ಈ ಬರಹದ ಉದ್ದೇಶ. ಯುದ್ಧನೌಕೆಗೂ ನಮ್ಮ ಮನೆ, ಅಡುಗೆಮನೆಗೂ ಏನು ಸಂಬಂಧ ಎಂದು ಕೇಳಬೇಡಿ. ಆ ಊರಿರುವುದು ಸಾವಿರದ ನೂರು ವರ್ಷಗಳಿಂದ ಇಸ್ಲಾಮ್ ನೆಲೆಸಿರುವ ನಾಡಿನಲ್ಲಿ. ಅಲ್ಲಿ ಕಟ್ಟಿದ ಹಡಗುಗಳಿಂದ ಹಾರಿದ ಕ್ಷಿಪಣಿಗಳು ಬಿದ್ದದ್ದೂ ಮೊದಲು ಒಂದು ಮುಸ್ಲಿಮ್ ನಾಡಿನ ಮೇಲೆಯೇ.

ಕಝಾನ್ ದಾರಿಯಲ್ಲಿ

ಮಾಸ್ಕೋದಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ಹೋದರೆ ಕಝಾನ್ ನಗರ. ರಷ್ಯಾ ಒಕ್ಕೂಟದೊಳಗಿನ ತತಾರ್‌ಸ್ತಾನ್ ಗಣರಾಜ್ಯದ ರಾಜಧಾನಿ ಇದು. 2024ರ ಅಕ್ಟೋಬರ್‌ನಲ್ಲಿ ಬ್ರಿಕ್ಸ್ ಶೃಂಗಸಭೆ ನಡೆದಾಗ ಈ ಹೆಸರು ನಮ್ಮ ಪತ್ರಿಕೆಗಳಲ್ಲೂ ಓಡಾಡಿತು. ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ನಮ್ಮ ದೇಶದ ಮಕ್ಕಳಲ್ಲಿ ಹಲವರು ಈ ನಗರದ ವಿದ್ಯಾರ್ಥಿಗಳು. ತತಾರ್‌ಸ್ತಾನ್‌ನ ಜನಸಂಖ್ಯೆ ಸುಮಾರು 40 ಲಕ್ಷ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ತತಾರರು, ಅಂದರೆ ತುರ್ಕಿ ಮೂಲದ ಭಾಷೆ ಆಡುವ ಮುಸ್ಲಿಮರು. ಉಳಿದವರಲ್ಲಿ ರಷ್ಯನ್ನರೇ ಹೆಚ್ಚು.

ಕಝಾನ್‌ನ ಕೋಟೆಯೊಳಗೆ ನೀಲಿ ಗುಮ್ಮಟದ ಕುಲ್ ಶರೀಫ್ ಮಸೀದಿ ಇದೆ. ನಗರಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ 2005ರಲ್ಲಿ ಅದು ತೆರೆಯಿತು. ಹೆಸರು ಮಾತ್ರ ಹಳೆಯದು. ಕುಲ್ ಶರೀಫ್ ಈ ನಗರದ ಇಮಾಮರಾಗಿದ್ದರು. 1552ರಲ್ಲಿ ರಷ್ಯಾದ ಚಕ್ರವರ್ತಿ ನಾಲ್ಕನೇ ಇವಾನ್‌ನ ಸೇನೆ ಕಝಾನ್ ಮೇಲೆ ಬಿದ್ದಾಗ, ತಮ್ಮ ಶಿಷ್ಯರೊಂದಿಗೆ ನಗರವನ್ನು ಕಾಯುತ್ತಾ ಪ್ರಾಣ ಕೊಟ್ಟರು. ಅದಕ್ಕೆ ಒಂದು ವರ್ಷ ಮೊದಲು ಕಝಾನ್‌ನ ರಾಣಿ ಸುಯುಂಬಿಕೆಯನ್ನು ಮಾಸ್ಕೋಗೆ ಒಯ್ಯಲಾಗಿತ್ತು. ನಿಮಗೆ ಇಷ್ಟವಾಗಬಹುದಾದ ಸಂಗತಿಯೊಂದಿದೆ: ಈ ರಾಣಿಯ ಹೆಸರಿನಲ್ಲಿ 1913ರಲ್ಲಿ ಕಝಾನ್‌ನಲ್ಲಿ ತತಾರ್ ಮಹಿಳೆಯರ ಪತ್ರಿಕೆಯೊಂದು ಹುಟ್ಟಿತು. ಸೋವಿಯತ್ ಕಾಲದಲ್ಲಿ ಹೆಸರು ಬದಲಾಯಿಸಿಕೊಂಡು, ಆಮೇಲೆ ಮತ್ತೆ ಹಳೆಯ ಹೆಸರಿಗೇ ಮರಳಿತು. ಒಂದು ಮಹಿಳಾ ಮಾಸಿಕ ಇಷ್ಟು ಕಾಲ ಬಾಳುವುದು ಸುಲಭದ ಮಾತಲ್ಲ ಎಂಬುದು ಇಂಥ ಪುಟಗಳನ್ನು ಓದುವ ನಿಮಗೆ ತಿಳಿದದ್ದೇ.

ಸೋತ ಮೇಲೆ ತತಾರರ ಬದುಕು ಕಠಿಣವಾಯಿತು. ಕೋಟೆಯಿಂದಲೂ ನದಿ ದಂಡೆಯಿಂದಲೂ ಅವರನ್ನು ದೂರ ಸರಿಸಲಾಯಿತು. ಆಯುಧ ಮಾಡಿಯಾರೆಂಬ ಭಯದಿಂದ ಕಮ್ಮಾರಿಕೆಗೂ ನಿರ್ಬಂಧ ಬಂತು. ನಗರದಲ್ಲಿ ಕಲ್ಲಿನ ಮಸೀದಿ ಕಟ್ಟಲು ಎರಡು ಶತಮಾನಗಳಷ್ಟು ಕಾಯಬೇಕಾಯಿತು. 1766ರಿಂದ 1770ರ ನಡುವೆ, ರಾಣಿ ಎರಡನೇ ಕ್ಯಾಥರೀನ್ ಅನುಮತಿ ಕೊಟ್ಟ ಮೇಲೆ ಎದ್ದ ಮರ್ಜಾನಿ ಮಸೀದಿಯಲ್ಲಿ ಇಂದಿಗೂ ನಮಾಝ್ ನಡೆಯುತ್ತದೆ. ಅಂದು ಕಬ್ಬಿಣ ಮುಟ್ಟಬಾರದೆನ್ನಿಸಿಕೊಂಡ ಜನರ ನಾಡಿನಲ್ಲೇ, ನದಿ ದಂಡೆಯಲ್ಲೇ, ಇಂದು ಉಕ್ಕಿನ ಯುದ್ಧನೌಕೆಗಳು ಸಿದ್ಧವಾಗುತ್ತಿವೆ. ಕಾಲ ತಿರುಗುವ ಬಗೆ ಇದು.

ಕೋಟೆ ಕೇಳಿದ ರಾಜ

ಈ ನಾಡಿಗೆ ಇಸ್ಲಾಮ್ ಬಂದದ್ದು ಖಡ್ಗದಿಂದಲ್ಲ, ಒಂದು ಪತ್ರದಿಂದ. ವೋಲ್ಗಾ ತೀರದ ಬಲ್ಗರ್ ಜನರ ರಾಜ ಅಲ್ಮುಶ್, ಬಗ್ದಾದಿನ ಖಲೀಫ ಮುಕ್ತದಿರ್‌ಗೆ ಪತ್ರ ಬರೆದ. ತನ್ನ ಜನರಿಗೆ ಧರ್ಮ ಕಲಿಸಲು ಒಬ್ಬ ವಿದ್ವಾಂಸ ಬೇಕು, ಮಸೀದಿ ಬೇಕು, ಶತ್ರುಗಳಿಂದ ರಕ್ಷಣೆಗೆ ಒಂದು ಕೋಟೆ ಕಟ್ಟಲು ನೆರವು ಬೇಕು ಎಂದು ಕೇಳಿಕೊಂಡ. ಖಲೀಫರ ನಿಯೋಗ 921ರಲ್ಲಿ ಬಗ್ದಾದಿನಿಂದ ಹೊರಟು, ಮರುಭೂಮಿ ಹಿಮ ಎಲ್ಲವನ್ನೂ ದಾಟಿ, 922ರ ಮೇ ತಿಂಗಳಲ್ಲಿ ಅಲ್ಲಿಗೆ ತಲುಪಿತು. ಅದರಲ್ಲಿದ್ದ ಇಬ್ನ್ ಫದ್‌ಲಾನ್ ಬರೆದಿಟ್ಟ ಪ್ರವಾಸ ವೃತ್ತಾಂತದಿಂದ ನಮಗೆ ಇದೆಲ್ಲ ತಿಳಿಯುತ್ತದೆ.

ಉತ್ತರ ದೇಶದ ಬೇಸಿಗೆಯ ರಾತ್ರಿ ಎಷ್ಟು ಚಿಕ್ಕದೆಂಬುದು ಬಗ್ದಾದಿನಿಂದ ಬಂದವರಿಗೆ ಗೊತ್ತಿರಲಿಲ್ಲ. ಇಬ್ನ್ ಫದ್‌ಲಾನ್ ಒಬ್ಬ ದರ್ಜಿಯೊಂದಿಗೆ ಗುಡಾರದಲ್ಲಿ ಕುಳಿತು ಇಶಾ ಅಝಾನಿಗಾಗಿ ಕಾಯುತ್ತಾ ಮಾತಾಡುತ್ತಿದ್ದರಂತೆ. ಅಝಾನ್ ಕೇಳಿ ಹೊರಗೆ ಬಂದರೆ ಬೆಳಕು ಹರಿದಿದೆ! ಅದು ಫಜ್ರ್‌ನ ಅಝಾನ್. ಫಜ್ರ್ ತಪ್ಪಿ ಹೋದೀತೆಂಬ ಭಯಕ್ಕೆ ತಿಂಗಳಿಂದ ರಾತ್ರಿ ಮಲಗಿಲ್ಲ ಎಂದು ಅಲ್ಲಿನ ಮುಅಝ್ಝಿನ್ ಹೇಳಿದನಂತೆ. ಬೇಸಿಗೆಯ ರಮಝಾನಿನಲ್ಲಿ ಅಲ್ಲಿನ ತಾಯಂದಿರು ಇಫ್ತಾರ್ ಮುಗಿಸಿ ಸಹರಿಗೆ ಅಡುಗೆ ಮಾಡುವ ನಡುವೆ ಎಷ್ಟು ನಿದ್ರೆ ಸಿಕ್ಕೀತೆಂದು ನೀವೇ ಊಹಿಸಿ.

ಈ ಕಥೆಯಲ್ಲಿ ಇನ್ನೊಂದು ಮುಖ್ಯ ಭಾಗವಿದೆ. ಕೋಟೆಗೆಂದು ಕೊಡಬೇಕಿದ್ದ 4000 ದೀನಾರ್ ನಿಯೋಗದ ಕೈ ಸೇರಿರಲಿಲ್ಲ. ರಾಜ ಸಿಟ್ಟಾದ. ನಿನ್ನ ರಾಜ್ಯ ಶ್ರೀಮಂತವಾಗಿದೆಯಲ್ಲ, ಖಲೀಫರ ಹಣವೇ ಏಕೆ ಬೇಕು ಎಂದು ಕೇಳಿದಾಗ ಅವನು ಕೊಟ್ಟ ಉತ್ತರದ ಸಾರಾಂಶ ಇಷ್ಟು: ಬೆಳ್ಳಿ ಬಂಗಾರ ತನ್ನಲ್ಲೂ ಇದೆ, ಆದರೆ ಖಲೀಫರ ಹಣ ಧರ್ಮಸಮ್ಮತ ಮೂಲದಿಂದ ಬಂದದ್ದು, ಅದರ ಬರಕತ್ತಿಗಾಗಿ ಕೇಳಿದೆ. ಕೋಟೆ ಎಂದರೂ ಯುದ್ಧದ ವಸ್ತುವೇ. ಆದರೆ ಅದಕ್ಕೆ ಹಾಕುವ ಹಣ ಹಲಾಲ್ ಆಗಿರಬೇಕೆಂದು ಆ ಹೊಸ ಮುಸ್ಲಿಮ್ ರಾಜ ಯೋಚಿಸಿದ್ದ. ಈ ಮಾತನ್ನು ನೆನಪಿನಲ್ಲಿಡಿ.

ನೀರಿನ ಮೇಲೆ ತೇಲಿ ಬಂದ ಕೋಟೆ

ಕಝಾನ್‌ನಿಂದ ಪಶ್ಚಿಮಕ್ಕೆ ವೋಲ್ಗಾ ನದಿಯಲ್ಲಿ ಸ್ವಿಯಾಝ್‌ಸ್ಕ್ ಎಂಬ ದ್ವೀಪದ ಊರು ಸಿಗುತ್ತದೆ. 1551ರಲ್ಲಿ ಕಝಾನ್ ಮುತ್ತಿಗೆಗೆಂದೇ ಕಟ್ಟಿದ ಮರದ ಕೋಟೆ ಅದು. ನಮ್ಮ ಕಥೆಗೆ ಅದು ಬಹಳ ಹತ್ತಿರದ್ದು. ಏಕೆಂದರೆ ಆ ಕೋಟೆಯನ್ನು ಅಲ್ಲಿ ಕಟ್ಟಲೇ ಇಲ್ಲ. ನದಿಯ ಮೇಲ್ದಂಡೆಯಲ್ಲಿ ಬಹು ದೂರದ ಉಗ್ಲಿಚ್ ಸೀಮೆಯ ಕಾಡಿನಲ್ಲಿ ಮರ ಕಡಿದು, ಗೋಡೆ ಗೋಪುರಗಳನ್ನು ಜೋಡಿಸಿ, ಪ್ರತಿ ದಿಮ್ಮಿಗೂ ಗುರುತು ಹಾಕಿ ಮತ್ತೆ ಬಿಚ್ಚಿದರು. ವಸಂತದಲ್ಲಿ ಮಂಜು ಕರಗಿದ ಮೇಲೆ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಟ್ಟರು. ಕಝಾನ್ ಸಮೀಪ ಸುಮಾರು ನಾಲ್ಕು ವಾರಗಳಲ್ಲಿ ಇಡೀ ಕೋಟೆ ಎದ್ದು ನಿಂತಿತು. ಮರುವರ್ಷ ಕಝಾನ್ ಬಿತ್ತು.

ಈಗ ಅದು ಯುನೆಸ್ಕೋ ಪಟ್ಟಿಯಲ್ಲಿರುವ ಪ್ರಾಚೀನ ಇಗರ್ಜಿಯಿಂದಾಗಿ ಪ್ರವಾಸಿಗಳ ಊರು. ಸ್ವಿಯಾಝ್‌ಸ್ಕ್, ಉಗ್ಲಿಚ್ ಎಂಬ ಈ ಎರಡು ಹೆಸರುಗಳನ್ನೂ ಮರೆಯಬೇಡಿ. ಮುಂದೆ ಅವು ಹಡಗಿನ ಮೈಮೇಲೆ ಮತ್ತೆ ಕಾಣಿಸುತ್ತವೆ.

ಹಸಿರು ಕಣಿವೆಯ ಊರು

ಸ್ವಿಯಾಝ್‌ಸ್ಕ್‌ನಿಂದ ಸ್ವಲ್ಪವೇ ದೂರದಲ್ಲಿ, ವೋಲ್ಗಾದ ಎಡದಂಡೆಯಲ್ಲಿದೆ ಝೆಲೆನೊದೊಲ್‌ಸ್ಕ್. ಹೆಸರಿನ ಅರ್ಥ ಹಸಿರು ಕಣಿವೆ. ಕಝಾನ್‌ನಿಂದ ಸುಮಾರು 40 ಕಿಲೋಮೀಟರ್. ಮಾಸ್ಕೋ ಕಡೆಯಿಂದ ರೈಲಿನಲ್ಲಿ ಬರುವವರು 1913ರಲ್ಲಿ ಕಟ್ಟಿದ ಉದ್ದದ ಕಬ್ಬಿಣದ ಸೇತುವೆಯ ಮೇಲೆ ವೋಲ್ಗಾ ದಾಟಿ ಈ ಊರಿಗೆ ಬರುತ್ತಾರೆ. ಸುಮಾರು ಒಂದು ಲಕ್ಷ ಜನರ ಪಟ್ಟಣ. ತತಾರರೂ ರಷ್ಯನ್ನರೂ ಅಕ್ಕಪಕ್ಕದ ಮನೆಗಳಲ್ಲಿ ವಾಸಿಸುತ್ತಾರೆ. ಈ ನಾಡಿನ ಮನೆಗೆ ನೀವು ಅತಿಥಿಯಾಗಿ ಹೋದರೆ ಹಾಲು ಬೆರೆಸಿದ ಚಹಾ, ಮಾಂಸ ಆಲೂಗಡ್ಡೆ ತುಂಬಿದ ಮುಕ್ಕೋನದ ಎಚ್‌ಪೊಚ್ಮಾಕ್, ಜೇನಿನಲ್ಲಿ ಅದ್ದಿ ಗುಡ್ಡೆ ಮಾಡಿದ ಚಕ್‌ಚಕ್ ಎಂಬ ಸಿಹಿ ಮುಂದೆ ಬರುತ್ತವೆ. ಮದುವೆಯ ಮನೆಯಲ್ಲಿ ಚಕ್‌ಚಕ್ ಇಲ್ಲದಿದ್ದರೆ ಆಗದು.

ಊರನ್ನು ನಡೆಸುವುದು ಕಾರ್ಖಾನೆಗಳು. ಅವುಗಳಲ್ಲಿ ಒಂದು ಮನೆಬಳಕೆಯ ಫ್ರಿಜ್ಜುಗಳಿಗೆ ರಷ್ಯಾದಲ್ಲೆಲ್ಲ ಹೆಸರಾದದ್ದು. ಆದರೆ ಅದೇ ಕಾರ್ಖಾನೆ ಮದ್ದುಗುಂಡುಗಳನ್ನೂ ತಯಾರಿಸುತ್ತಾ ಬಂದಿದೆ. ಹಾಲು ಕೆಡದಂತೆ ಕಾಯುವ ಪೆಟ್ಟಿಗೆ, ಜೀವ ತೆಗೆಯುವ ಗುಂಡು, ಎರಡೂ ಒಂದೇ ಗೇಟಿನಿಂದ ಹೊರಬೀಳುತ್ತವೆ. ಇಂಥ ಊರುಗಳಲ್ಲಿ ಅದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಇನ್ನೊಂದು, ಲೇಖಕ ಮ್ಯಾಕ್ಸಿಮ್ ಗೋರ್ಕಿಯ ಹೆಸರಿನ ಹಡಗು ಕಾರ್ಖಾನೆ. 1895ರಲ್ಲಿ ನದಿ ದೋಣಿಗಳ ರಿಪೇರಿ ಶೆಡ್ಡಾಗಿ ಇದು ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ತಯಾರಾದ ಉಕ್ಕಿನ ಕವಚದ ದೋಣಿಗಳು ನದಿಗಳಲ್ಲಿ ನಾಝಿ ಸೇನೆಯ ವಿರುದ್ಧ ಹೋರಾಡಿದವು. ಮನೆಗೆ ನುಗ್ಗಿದ ಶತ್ರುವನ್ನು ತಡೆದ ಕೆಲಸ ಅದು. ಶಾಂತಿಕಾಲದಲ್ಲಿ, 1961ರಿಂದ ಮೂವತ್ತು ವರ್ಷ, 'ಮೆತೆಯೋರ್' ಎಂಬ ಪ್ರಯಾಣಿಕರ ವೇಗದ ದೋಣಿಗಳು ಇಲ್ಲಿಂದ ಹೊರಬಂದವು. ನೀರಿನಡಿಯ ರೆಕ್ಕೆಗಳ ಮೇಲೆ ಎದ್ದು ಹಾರಿದಂತೆ ಓಡುವ ಈ ದೋಣಿಗಳಲ್ಲಿ ವೋಲ್ಗಾ ದಂಡೆಯ ಜನ ಸಂತೆಗೂ ನೆಂಟರ ಮನೆಗೂ ಹೋಗಿ ಬಂದರು. ಅಂದರೆ ಈ ಕಾರ್ಖಾನೆಯ ಕೈಗಳಿಗೆ ಜನರನ್ನು ದಡ ಸೇರಿಸುವ ವಿದ್ಯೆಯೂ ಗೊತ್ತು.

ಸಮುದ್ರವಿಲ್ಲದ ಊರಲ್ಲಿ ಏಕೆ?

ಸಮುದ್ರಕ್ಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಯುದ್ಧನೌಕೆ ಕಟ್ಟುವುದು ವಿಚಿತ್ರವೆನ್ನಿಸಬಹುದು. ಉತ್ತರ ನದಿಯಲ್ಲಿದೆ. ವೋಲ್ಗಾ ದಕ್ಷಿಣಕ್ಕೆ ಹರಿದು ಕ್ಯಾಸ್ಪಿಯನ್ ಸಮುದ್ರ ಸೇರುತ್ತದೆ. 1952ರಲ್ಲಿ ತೆರೆದ, 101 ಕಿಲೋಮೀಟರ್ ಉದ್ದದ ವೋಲ್ಗಾ-ದೋನ್ ಕಾಲುವೆ ಅದನ್ನು ಕಪ್ಪು ಸಮುದ್ರದ ಕಡೆಗೆ ಜೋಡಿಸುತ್ತದೆ. ಉತ್ತರದ ಕಾಲುವೆಗಳು ಬಾಲ್ಟಿಕ್‌ಗೂ ಬಿಳಿ ಸಮುದ್ರಕ್ಕೂ ದಾರಿ ಮಾಡಿವೆ. ಕಾಲುವೆಯ ಮೆಟ್ಟಿಲು ಮೆಟ್ಟಿಲಾದ ತೂಬುಕಟ್ಟೆಗಳಲ್ಲಿ ಹಿಡಿಸುವಷ್ಟು ಚಿಕ್ಕದಾದ, ಆಳವಿಲ್ಲದ ನೀರಿನಲ್ಲೂ ತೇಲುವ ಹಡಗು ಕಟ್ಟಿದರೆ ಒಂದೇ ಊರಿನಿಂದ ಐದು ಸಮುದ್ರಗಳಿಗೆ ಕಳಿಸಬಹುದು. ಚಳಿಗಾಲದಲ್ಲಿ ಮಾತ್ರ ನದಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ.

ಇಲ್ಲಿ ಕಟ್ಟಿದ ಮುಖ್ಯ ಮಾದರಿಯ ಹೆಸರು 'ಬುಯಾನ್-ಎಂ'. ಉದ್ದ 74 ಮೀಟರ್, ಅಗಲ 11 ಮೀಟರ್, ತೂಕ ಸುಮಾರು 950 ಟನ್. ನೀರಿನೊಳಗೆ ಮುಳುಗುವ ಭಾಗ ಬರೀ 2.6 ಮೀಟರ್. ವೇಗ ಗಂಟೆಗೆ 25 ನಾಟಿಕಲ್ ಮೈಲು, ಅಂದರೆ ಸುಮಾರು 46 ಕಿಲೋಮೀಟರ್. ಒಳಗಿರುವ ನಾವಿಕರು ಐವತ್ತರ ಆಸುಪಾಸು. ಹತ್ತು ದಿನಗಳ ಆಹಾರ ನೀರು ಅದರಲ್ಲಿ ಹಿಡಿಸುತ್ತದೆ. ಇಷ್ಟು ಚಿಕ್ಕ ಹಡಗಿನ ಮಧ್ಯದಲ್ಲಿ ನೆಟ್ಟಗೆ ನಿಲ್ಲಿಸಿದ ಎಂಟು ಕೊಳವೆಗಳಿವೆ. ಪ್ರತಿ ಕೊಳವೆಯಲ್ಲೂ ಒಂದು 'ಕಾಲಿಬರ್' ಕ್ಷಿಪಣಿ. ಅದು 1500 ಕಿಲೋಮೀಟರ್ ದೂರದ ಗುರಿಯನ್ನೂ ಮುಟ್ಟಬಲ್ಲದು.

ಇದರ ಹಿಂದೆ ಒಂದು ಲೆಕ್ಕಾಚಾರವಿತ್ತು. 1987ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಾಡಿಕೊಂಡ ಒಪ್ಪಂದ 500ರಿಂದ 5500 ಕಿಲೋಮೀಟರ್ ಹಾರುವ ಕ್ಷಿಪಣಿಗಳನ್ನು ನೆಲದ ಮೇಲಿಂದ ಉಡಾಯಿಸುವುದನ್ನು ನಿಷೇಧಿಸಿತ್ತು. ಹಡಗಿನ ಮೇಲಿನವುಗಳಿಗೆ ಆ ತಡೆ ಇರಲಿಲ್ಲ. ನದಿಯಲ್ಲಿ ಓಡಾಡುವ ಸಣ್ಣ ಹಡಗಿಗೆ ದೂರದ ಕ್ಷಿಪಣಿ ಜೋಡಿಸಿದರೆ ಒಪ್ಪಂದದ ಮಾತು ಮುರಿಯದೆ ಅದರ ಆಶಯವನ್ನು ದಾಟಿದಂತಾಯಿತು. ಆ ಒಪ್ಪಂದವೂ 2019ರಲ್ಲಿ ಕೊನೆಗೊಂಡಿತು.

ಕಟ್ಟುವುದು, ಕಾಯುವುದು

ಹಡಗು ಕಟ್ಟುವ ಕೆಲಸ ಮನೆ ಕಟ್ಟಿದಂತೆ ಅಡಿಪಾಯದಿಂದಲೇ ಶುರು. ಮೊದಲ ದಿನ ಹೆಸರು ಕೊರೆದ ಲೋಹದ ಫಲಕವನ್ನು ಹಡಗಿನ ತಳಭಾಗದಲ್ಲಿ ಇಡುತ್ತಾರೆ. ಉಕ್ಕಿನ ಹಾಳೆಗಳನ್ನು ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಮಾಡಿ ತುಂಡು ತುಂಡಾಗಿ ಹೊಲಿದಂತೆ ಜೋಡಿಸುತ್ತಾರೆ. ಇಂಜಿನ್, ಕಿಲೋಮೀಟರುಗಟ್ಟಲೆ ತಂತಿ, ಪೈಪು, ಅಡುಗೆಮನೆ, ಮಲಗುವ ಹಲಗೆ ಎಲ್ಲವೂ ಆ ಇಕ್ಕಟ್ಟಿನೊಳಗೆ ಹಿಡಿಸಬೇಕು. ರಷ್ಯಾದ ಹಡಗು ಕಾರ್ಖಾನೆಗಳಲ್ಲಿ ಕ್ರೇನ್ ನಡೆಸುವ, ಬಣ್ಣ ಬಳಿಯುವ, ನಕ್ಷೆ ಬಿಡಿಸುವ ಕೆಲಸಗಳಲ್ಲಿ ಹೆಂಗಸರು ಸೋವಿಯತ್ ಕಾಲದಿಂದಲೂ ಇದ್ದಾರೆ. ಹಡಗು ನೀರಿಗಿಳಿಯುವ ದಿನ ಅದರ ಮೂತಿಗೆ ಬಾಟಲಿ ಒಡೆಯುವುದು ಅಲ್ಲಿನ ಸಂಪ್ರದಾಯ. ಅದಕ್ಕೆ ಒಬ್ಬ ಹೆಣ್ಣುಮಗಳನ್ನು ಕರೆದು, ಆಕೆಯನ್ನು ಆ ಹಡಗಿನ 'ಧರ್ಮಮಾತೆ' ಎನ್ನುತ್ತಾರೆ. ಯುದ್ಧದ ಹಡಗಿಗೂ ತಾಯಿಯೊಬ್ಬಳು ಬೇಕಾಗುವುದು ನೋಡಿ!

ಇಂಜಿನ್ನಿನ ಕಥೆಯೂ ಕೇಳುವಂಥದ್ದು. ಮೊದಲ ಹಡಗುಗಳಿಗೆ ಜರ್ಮನಿಯ ಡೀಸೆಲ್ ಇಂಜಿನ್ ಹಾಕಿದ್ದರು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡ ಬಳಿಕ ಯುರೋಪಿನ ನಿರ್ಬಂಧ ಬಂದು ಆ ಇಂಜಿನ್ ನಿಂತುಹೋಯಿತು. ಆಮೇಲೆ ಕಟ್ಟಿದವುಗಳಿಗೆ ರಷ್ಯಾದ ಕೊಲೊಮ್ನಾದ ಇಂಜಿನ್ ಅಳವಡಿಸಬೇಕಾಯಿತು. ಹಡಗುಗಳು ತಡವಾದವು. ಬಳಿಕ ಇದೇ ಕಾರ್ಖಾನೆ 'ಕರಾಕುರ್ತ್' ಎಂಬ ಇನ್ನೊಂದು ಮಾದರಿಯನ್ನೂ ಕಟ್ಟತೊಡಗಿತು. ತುರ್ಕಿ ಮೂಲದ ಭಾಷೆಗಳಲ್ಲಿ ಆ ಪದಕ್ಕೆ ಕಪ್ಪು ಹುಳು ಎಂದು ಅರ್ಥ. ಅದು ಒಂದು ವಿಷದ ಜೇಡದ ಹೆಸರು.

ಕಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಉಪ್ಪುನೀರು ಉಕ್ಕನ್ನು ದಿನವೂ ತಿನ್ನುತ್ತದೆ. ಮಳೆಗಾಲದಲ್ಲಿ ಮಲ್ಪೆ, ಮಂಗಳೂರಿನ ಬೋಟುಗಳನ್ನು ದಡಕ್ಕೆಳೆದು ಪಾಚಿ ಕೆರೆದು ಬಣ್ಣ ಬಳಿಯುವುದನ್ನು ಕರಾವಳಿಯ ನೀವು ಕಂಡಿದ್ದೀರಿ. ಯುದ್ಧನೌಕೆಗೂ ಅದೇ ಆರೈಕೆ ಬೇಕು. ಡಾಕಿನಲ್ಲಿ ಮೇಲೆತ್ತಿ, ತಳಕ್ಕೆ ಅಂಟಿದ ಚಿಪ್ಪು ಪಾಚಿಗಳನ್ನು ಕೆರೆದು, ತುಕ್ಕು ತೆಗೆದು ಬಣ್ಣ ಹಚ್ಚುತ್ತಾರೆ. ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಉಪ್ಪುನೀರು ಮೊದಲು ಸತುವನ್ನು ತಿನ್ನುವುದರಿಂದ ಉಕ್ಕು ಉಳಿಯುತ್ತದೆ. ಸವೆದ ಸತುವನ್ನು ಆಗಾಗ ಬದಲಿಸಬೇಕು. ಇಂಜಿನ್ ಬಿಚ್ಚಿ ಜೋಡಿಸಬೇಕು. ಕ್ಷಿಪಣಿಯ ಕೊಳವೆಗಳಲ್ಲಿ ತೇವ ಸೇರದಂತೆ ಕಾಯಬೇಕು. ಹಡಗು ಇರುವವರೆಗೂ ಈ ಚಾಕರಿ ತಪ್ಪದು. ಹೆತ್ತವಳಿಗಿಂತ ಸಾಕುವವಳ ಕೆಲಸ ಹೆಚ್ಚು ಎಂಬ ಮಾತು ಹಡಗಿಗೂ ಸಲ್ಲುತ್ತದೆ.

2015ರ ಒಂದು ಬೆಳಗು

ಬುಯಾನ್-ಎಂ ಸಾಲಿನ ಮೊದಲ ಹಡಗಿಗೆ 'ಗ್ರಾದ್ ಸ್ವಿಯಾಝ್‌ಸ್ಕ್' ಎಂದು ಹೆಸರಿಟ್ಟರು. ಎರಡನೆಯದು 'ಉಗ್ಲಿಚ್'. ನಾಲ್ಕೂವರೆ ಶತಮಾನಗಳ ಹಿಂದೆ ತುಂಡು ತುಂಡಾಗಿ ನದಿಯಲ್ಲಿ ತೇಲಿ ಬಂದ ಕೋಟೆಯ ಹೆಸರು, ಅದು ಹೊರಟ ಕಾಡಿನ ಸೀಮೆಯ ಹೆಸರು. ಎರಡೂ 2014ರಲ್ಲಿ ಕ್ಯಾಸ್ಪಿಯನ್ ನೌಕಾಪಡೆಗೆ ಸೇರಿದವು. ಮೂರನೆಯದು 'ವೆಲಿಕಿ ಉಸ್ತ್ಯೂಗ್'. ಇದೇ ಕಾರ್ಖಾನೆ ಕಟ್ಟಿದ, ಇವುಗಳಿಗಿಂತ ದೊಡ್ಡ ಎರಡು ಹಡಗುಗಳ ಹೆಸರು 'ತತಾರ್‌ಸ್ತಾನ್' ಮತ್ತು 'ದಾಗೆಸ್ತಾನ್'. ಮುಂದೆ ಬುಯಾನ್-ಎಂ ಒಂದಕ್ಕೆ 'ಇಂಗುಷೆತಿಯಾ' ಎಂಬ ಹೆಸರು ಬಂತು. ಮೂರೂ ರಷ್ಯಾದ ಮುಸ್ಲಿಮ್ ಪ್ರದೇಶಗಳ ಹೆಸರುಗಳು.

2015ರ ಅಕ್ಟೋಬರ್ 7ರ ಬೆಳಗ್ಗೆ ದಾಗೆಸ್ತಾನ್, ಗ್ರಾದ್ ಸ್ವಿಯಾಝ್‌ಸ್ಕ್, ಉಗ್ಲಿಚ್, ವೆಲಿಕಿ ಉಸ್ತ್ಯೂಗ್ ಎಂಬ ನಾಲ್ಕು ಹಡಗುಗಳು ಕ್ಯಾಸ್ಪಿಯನ್‌ನಿಂದ 26 ಕಾಲಿಬರ್ ಕ್ಷಿಪಣಿಗಳನ್ನು ಹಾರಿಸಿದವು. ಅವು ಇರಾನ್ ಮತ್ತು ಇರಾಕಿನ ಆಕಾಶ ದಾಟಿ ಸುಮಾರು 1500 ಕಿಲೋಮೀಟರ್ ದೂರದ ಸಿರಿಯಾದ ಮೇಲೆರಗಿದವು. ಹನ್ನೊಂದು ಗುರಿಗಳೂ ಭಯೋತ್ಪಾದಕರ ನೆಲೆಗಳು, ಎಲ್ಲವನ್ನೂ ಮುಟ್ಟಿದ್ದೇವೆ ಎಂದು ರಷ್ಯಾ ಹೇಳಿತು. ಕೆಲವು ಕ್ಷಿಪಣಿಗಳು ದಾರಿಯಲ್ಲಿ ಇರಾನಿನಲ್ಲೇ ಬಿದ್ದವೆಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಅದನ್ನು ರಷ್ಯಾ ಅಲ್ಲಗಳೆಯಿತು. ನವೆಂಬರ್ 20ರಂದು ಮತ್ತೆ 18 ಕ್ಷಿಪಣಿಗಳು ಹಾರಿದವು. ಟಿವಿಯಲ್ಲಿ ಕಂಡದ್ದು ಕತ್ತಲಲ್ಲಿ ಬೆಂಕಿಯ ಬಾಲ ಬಿಟ್ಟು ಏಳುವ ಕ್ಷಿಪಣಿಗಳು ಮಾತ್ರ. ಅವು ಇಳಿದ ಕಡೆ ಏನಾಯಿತೆಂಬ ಚಿತ್ರ ನಮಗೆ ಅಷ್ಟಾಗಿ ಸಿಗಲಿಲ್ಲ.

ಅದಕ್ಕೇ ಕೇಳಬೇಕಾಗುತ್ತದೆ. ಕ್ಷಿಪಣಿಯಲ್ಲಿರುವುದು 400 ಕಿಲೋಗ್ರಾಮಿಗೂ ಹೆಚ್ಚು ಸ್ಫೋಟಕದ ಸಿಡಿತಲೆ. ಹಡಗಿನಲ್ಲಿ ಗುಂಡಿ ಒತ್ತುವವನಿಗೆ ಅದು ಪರದೆಯ ಮೇಲಿನ ಚುಕ್ಕೆ. ವೆಲ್ಡಿಂಗ್ ಮಾಡಿದವನಿಗೆ ಅದು ತಿಂಗಳ ಸಂಬಳ, ಮಗಳ ಶಾಲೆಯ ಫೀಸು. ಅವನ ಮನೆಯಲ್ಲೂ ಮಗ್ರಿಬ್ ಹೊತ್ತಿಗೆ ಜಾನಮಾಝ್ ಹಾಸುವ ತಾಯಿ ಇರಬಹುದು. ಕ್ಷಿಪಣಿ ಬಿದ್ದ ಕಡೆಯ ತಾಯಿಗೂ ಅದೇ ಕಿಬ್ಲಾ. ಇವರಿಬ್ಬರನ್ನೂ ಬೇರೆ ಮಾಡಿದ್ದು 1500 ಕಿಲೋಮೀಟರ್ ದೂರ. ದೂರ ಹೆಚ್ಚಿದಂತೆ ಹೊಣೆ ಕಡಿಮೆಯಾಗುತ್ತದೆಂದು ನಮ್ಮ ಧರ್ಮ ಎಲ್ಲೂ ಹೇಳಿಲ್ಲ.

ತಿರುಗಿ ಬಂದ ಬೆಂಕಿ

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಬಳಿಕ ಕಪ್ಪು ಸಮುದ್ರದಿಂದ ಹಾರಿದ ಕಾಲಿಬರ್‌ಗಳು ಅಲ್ಲಿನ ನಗರಗಳ ಮೇಲೆ ಬಿದ್ದವು. ಅದೇ ವರ್ಷದ ಜುಲೈ 14ರಂದು ವಿನ್ನಿತ್ಸಿಯಾ ನಗರದ ಮಧ್ಯದಲ್ಲಿ ಬಿದ್ದವು ಜಲಾಂತರ್ಗಾಮಿಯಿಂದ ಬಂದವೆಂದು ಉಕ್ರೇನ್ ಹೇಳಿತು. ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದರು. ಹಡಗು ಬೇರೆ, ಕ್ಷಿಪಣಿಯ ಜಾತಿ ಒಂದೇ.

ಬೆಂಕಿ ಬೇಗನೆ ಹಡಗುಕಟ್ಟೆಗಳಿಗೂ ತಿರುಗಿತು. 2023ರ ನವೆಂಬರ್ 4ರಂದು ಕ್ರಿಮಿಯಾದ ಕೆರ್ಚ್ ಕಾರ್ಖಾನೆಯಲ್ಲಿ, ನೌಕಾಪಡೆಗೆ ಇನ್ನೂ ಸೇರದಿದ್ದ 'ಅಸ್ಕೋಲ್ದ್' ಎಂಬ ಕರಾಕುರ್ತ್ ಹಡಗಿಗೆ ಉಕ್ರೇನಿನ ಕ್ಷಿಪಣಿ ಬಡಿಯಿತು. 2024ರ ಮೇ ತಿಂಗಳಲ್ಲಿ ಸೆವಾಸ್ತೊಪೋಲ್‌ನಲ್ಲಿ 'ತ್ಸಿಕ್ಲೋನ್' ಎಂಬ ಇನ್ನೊಂದನ್ನು ಮುಳುಗಿಸಿದ್ದಾಗಿ ಉಕ್ರೇನ್ ಹೇಳಿತು. ಅದೇ ವರ್ಷ ನವೆಂಬರ್ 6ರಂದು ಡ್ರೋನ್‌ಗಳು ದಾಗೆಸ್ತಾನದ ಕಾಸ್ಪಿಸ್ಕ್‌ಗೆ, ಕ್ಯಾಸ್ಪಿಯನ್ ನೌಕಾಪಡೆಯ ನೆಲೆಯ ಊರಿಗೆ, ಬಂದವು. ಡಿಸೆಂಬರ್ 21ರಂದು ಕಝಾನ್‌ನ ಎತ್ತರದ ವಸತಿ ಕಟ್ಟಡಗಳಿಗೇ ಡ್ರೋನ್‌ಗಳು ಅಪ್ಪಳಿಸಿದವು. ಸುದ್ದಿಯಲ್ಲಿ ಮಾತ್ರ ಇದ್ದ ಯುದ್ಧ, ಬಟ್ಟೆ ಒಣಹಾಕುವ ಬಾಲ್ಕನಿಗೆ ಬಂತು.

ಯಾವ ಹಡಗು ನಮ್ಮದು?

ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ 'ಕಬ್ಬಿಣ'. ಅದರಲ್ಲಿ ಭಾರೀ ಬಲವೂ ಇದೆ, ಜನರಿಗೆ ಪ್ರಯೋಜನವೂ ಇದೆ ಎಂದು ಆ ಅಧ್ಯಾಯ ನೆನಪಿಸುತ್ತದೆ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುವಾಗಿಸಿ ಕೊಟ್ಟಾಗ ಅವರು ಮಾಡಿದ್ದು ಮೈ ಕಾಯುವ ಕವಚ. ಪ್ರವಾದಿ ನೂಹ್(ಅ)ರು ಜನರ ನಗೆಪಾಟಲಿನ ನಡುವೆ ಕಟ್ಟಿದ್ದು ಜೀವಗಳನ್ನು ದಡ ಸೇರಿಸುವ ಹಡಗು. ರಕ್ಷಣೆಗೆ ಬಲ ಬೇಡವೆಂದು ಇಸ್ಲಾಮ್ ಹೇಳುವುದಿಲ್ಲ. ಮನೆಗೆ ಬಾಗಿಲು, ಊರಿಗೆ ಕಾವಲು, ದೇಶಕ್ಕೆ ನೌಕಾಪಡೆ ಬೇಕೇ ಬೇಕು. ಆದರೆ ಒಂದು ಜೀವವನ್ನು ಅನ್ಯಾಯವಾಗಿ ತೆಗೆಯುವುದನ್ನು ಇಡೀ ಮನುಕುಲವನ್ನೇ ಕೊಂದಂತೆ ಕಾಣುವ ಧರ್ಮದಲ್ಲಿ, ಬಲಕ್ಕೆ ಲೆಕ್ಕವೂ ಇರಲೇಬೇಕು.

ಈ ಲೆಕ್ಕ ಝೆಲೆನೊದೊಲ್‌ಸ್ಕ್‌ನ ಕಾರ್ಮಿಕನಿಗೆ ಮಾತ್ರವಲ್ಲ. ಆಯುಧ ತಯಾರಿಸದ, ಮಾರದ, ಕೊಳ್ಳದ ದೊಡ್ಡ ದೇಶ ಇಂದು ಯಾವುದಿದೆ? ನಾವು ಕೊಡುವ ತೆರಿಗೆಯಲ್ಲೂ ಅದರ ಪಾಲಿದೆ. ಟಿವಿಯಲ್ಲಿ ಕ್ಷಿಪಣಿ ಏಳುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿದಾಗ, ಅದು ಎಲ್ಲಿ ಇಳಿಯಿತು, ಅಲ್ಲಿ ಯಾರ ಮನೆ ಇತ್ತು ಎಂದು ಕೇಳಲು ಅವರಿಗೆ ಕಲಿಸುವವರು ತಾಯಂದಿರಲ್ಲದೆ ಇನ್ನಾರು?

ವೋಲ್ಗಾ ದಂಡೆಯ ಆ ಹಳೆಯ ರಾಜನನ್ನು ಮತ್ತೆ ನೆನೆಯಿರಿ. ಅವನ ಬಳಿ ಚಿನ್ನವಿತ್ತು, ಆದರೂ ಕೋಟೆಯ ಕಲ್ಲಿಗೆ ಹಾಕುವ ಹಣ ಎಲ್ಲಿಂದ ಬಂತೆಂದು ನೋಡಿದ. ಅದೇ ನದಿಯಲ್ಲಿ ಇಂದು ಹಡಗುಗಳು ಇಳಿಯುತ್ತಿವೆ. ಹಣ ಎಲ್ಲಿಂದ ಬಂತೆಂಬುದರ ಜೊತೆಗೆ, ಕ್ಷಿಪಣಿ ಎಲ್ಲಿಗೆ ಹೋಯಿತೆಂದೂ ಕೇಳುವ ಕಾಲ ಇದು.